ಕೊಡಗಿನ ಮಳೆಗಾಲದಲ್ಲಿ ಕ್ಯಾಂಪರ್ ವ್ಯಾನಿನ ಟಾಪ್: ಪಾಚಿ, ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಈ ಕ್ಯಾಂಪರ್ ವ್ಯಾನ್ ತಂದ ಮೊದಲ ವರ್ಷ ಮೇ ತಿಂಗಳ ಕೊನೆಗೆ ಅದನ್ನು ಮನೆಯ ಹಿಂದಿನ ಹಲಸಿನ ಮರದ ಪಕ್ಕ ನಿಲ್ಲಿಸಿದೆ. ಕಾಫಿ ಒಣಗಿಸುವ ನೀಲಿ ಟಾರ್ಪಾಲನ್ನು ಮೇಲಿಂದ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು, ಇನ್ನು ಮಳೆ ಎಷ್ಟಾದರೂ ಬರಲಿ ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ಬಿಚ್ಚಿ ನೋಡಿದರೆ, ಗಾಳಿಗೆ ಟಾರ್ಪಾಲ್ ಹರಿದು ಬೆಳಕು ಬಿದ್ದಿದ್ದ ಒಂದೂವರೆ ಅಡಿ ಅಗಲದ ಪಟ್ಟಿಯಲ್ಲಿ ಗದ್ದೆ ಬದುವಿನಂಥ ಹಸಿರು. ಟಾರ್ಪಾಲ್ ಅಂಟಿಕೊಂಡೇ ಇದ್ದ ಉಳಿದ ಜಾಗದಲ್ಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು.

ಹಸಿರು ಪಾಚಿಗೆ ಬೆಳಕು ಬೇಕು, ಕಪ್ಪು ಬೂಷ್ಟಿಗೆ ಬೇಡ. ಎರಡಕ್ಕೂ ಬೇಕಾದದ್ದು ಆರದ ತೇವ, ಮತ್ತು ತಿನ್ನಲು ಒಂದಿಷ್ಟು ಕೊಳೆ. ನಾನು ಮಳೆಯನ್ನು ತಡೆಯಲು ಹೋಗಿ ತೇವವನ್ನು ಕಟ್ಟಿಹಾಕಿದ್ದೆ. ಸುರಿದು ಹರಿದು ಹೋಗುವ ಮಳೆ ಚಾವಣಿಗೆ ಅಷ್ಟೇನೂ ಕೆಡುಕು ಮಾಡುವುದಿಲ್ಲ. ಮಳೆ ನಿಂತ ಮೇಲೂ ಉಳಿಯುವ ನೀರು, ನೆರಳು, ಎಲೆಯ ಕಸ, ಇವು ಮೂರೇ ಕೆಡಿಸುವುದು. ಕಾಫಿ ತೋಟದ ಕೊಳೆರೋಗದ ಕತೆಯೂ ಇದೇ ತಾನೆ? ಅದಕ್ಕೆ ಬೆಳೆಗಾರರು ಮಳೆಗೆ ಮುಂಚೆಯೇ ಮರಗಸಿ ಮಾಡಿ (ನೆರಳು ಮರಗಳ ಕೊಂಬೆ ಸವರಿ), ಗಿಡದ ನಡುವೆ ಗಾಳಿಯಾಡಲು ಬಿಟ್ಟು, ಔಷಧ ಹೊಡೆದು ಮುಗಿಸುತ್ತಾರೆ. ಬಿಡುವಿಲ್ಲದ ಮಳೆಯಲ್ಲಿ ಪಂಪು ಹೊತ್ತು ಹೊರಟವನನ್ನು ನೋಡಿ ಊರು ನಗುತ್ತದೆ. ವ್ಯಾನಿನ ಚಾವಣಿಯನ್ನು ಕಾಲು ಸೆಂಟು ತೋಟವೆಂದುಕೊಂಡರೆ ಅರ್ಧ ಕೆಲಸ ತಾನಾಗಿಯೇ ಹೊಳೆಯುತ್ತದೆ. ಹೆಚ್ಚಿನ ಕೆಲಸವೆಲ್ಲ ಏಪ್ರಿಲ್‌ನದು.

ಮೊದಲು, ಬೆಳೆದದ್ದು ಏನೆಂದು ನೋಡಿ

ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಂದು ಕಡೆ ಒತ್ತಿ ಒರೆಸಿ. ಬಟ್ಟೆಗೆ ಹಸಿರು ಹತ್ತಿದರೆ ಪಾಚಿ. ಸೋಪು, ನೀರು, ಬ್ರಷ್‌ಗೆ ಹೋಗುತ್ತದೆ. ಒರೆಸಿದರೂ ಕಪ್ಪು ಚುಕ್ಕೆ ಉಳಿದರೆ ಬೂಷ್ಟು. ಅದಕ್ಕೆ ಔಷಧ ಬೇಕು. ಬೂದು ಬಣ್ಣದ, ಹಪ್ಪಳದಂತೆ ಅಂಚು ಎದ್ದ ದುಂಡು ಕಲೆಗಳು ಕಲ್ಲುಹೂವು. ಪಾಚಿ ಮತ್ತು ಶಿಲೀಂಧ್ರ ಕೂಡಿ ಬಾಳುವ ಸಂಸಾರ ಅದು, ಒಂದೇ ಮಳೆಗಾಲದಲ್ಲಿ ಬರುವುದಲ್ಲ. ಕಲ್ಲುಹೂವು ಕಂಡರೆ ವ್ಯಾನ್ ಅದೇ ಜಾಗದಲ್ಲಿ ಬಹಳ ಕಾಲ ನಿಂತಿದೆ ಎಂದು ತಿಳಿಯಿರಿ. ಹಳೆಯ ವ್ಯಾನ್ ಕೊಳ್ಳುವವರು ಏಣಿ ಹಾಕಿ ಇದನ್ನೊಂದು ನೋಡಿಕೊಳ್ಳುವುದು ಒಳ್ಳೆಯದು. ಮಾರುವವರು ಪಕ್ಕಗಳನ್ನು ತೊಳೆದಿರುತ್ತಾರೆ, ಮೇಲೆ ಹತ್ತಿರುವುದಿಲ್ಲ.

ಬಟ್ಟೆಗೆ ಸುಣ್ಣದಂಥ ಬಿಳಿ ಪುಡಿ ಹತ್ತಿದರೆ ಅದು ಬೇರೆ ತೊಂದರೆ. ಫೈಬರ್ ಚಾವಣಿಯ ಮೇಲ್ಪದರ ಬಿಸಿಲಿಗೆ ಸವೆದಿದೆ ಎಂದರ್ಥ. ಹಾಗೆ ಸವೆದು ಒರಟಾದ ಮೈಯಲ್ಲಿ ಪಾಚಿಗೆ ಬೇರೂರಲು ಬೇಕಾದಷ್ಟು ಸಣ್ಣ ಗುಳಿಗಳಿರುತ್ತವೆ. ಹೊಸ ಹೆಂಚಿಗಿಂತ ಹಳೆಯ ಹೆಂಚಿಗೆ ಪಾಚಿ ಬೇಗ ಹತ್ತುವುದನ್ನು ಕೊಡಗಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನಿಲ್ಲಿಸುವ ಜಾಗ

ಔಷಧ, ಮೇಣ, ಬ್ರಷ್ ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಆದರೂ ವ್ಯಾನ್ ಇಟ್ಟುಕೊಂಡ ಹೆಚ್ಚಿನವರು ಇದನ್ನು ಕೊನೆಗೆ ಯೋಚಿಸುತ್ತಾರೆ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಇಂಚಿನಲ್ಲಿ ಮಳೆ ಅಳೆಯುವ ತೋಟದವರ ಲೆಕ್ಕದಲ್ಲಿ ನೂರಿಪ್ಪತ್ತು ಇಂಚಿನ ಸುಮಾರು. ಭಾಗಮಂಡಲದ ಕಡೆ ಅದಕ್ಕೂ ಬಹಳ ಹೆಚ್ಚು. ಅಲ್ಲಿಂದ ಪೂರ್ವಕ್ಕೆ ಕುಶಾಲನಗರಕ್ಕೆ ಇಳಿದರೆ ಮಳೆ ಅದರ ಅರ್ಧಕ್ಕೂ ಕಡಿಮೆ. ಕುಶಾಲನಗರದಲ್ಲಿ ನೆಂಟರ ಮನೆಯಂಗಳ ಇದ್ದು, ಮಳೆಗಾಲದಲ್ಲಿ ವ್ಯಾನ್ ಬೇಡದಿದ್ದರೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಬಿಟ್ಟುಬನ್ನಿ. ಇಷ್ಟು ಮಾಡಿದರೆ ಈ ಬರಹದ ಅರ್ಧ ಭಾಗ ನಿಮಗೆ ಬೇಕಾಗುವುದಿಲ್ಲ.

ತೋಟದಲ್ಲೇ ಇಡಬೇಕಾದವರಿಗೆ ನನ್ನ ಸಲಹೆ ಕಾಫಿ ಒಣಗಿಸುವ ಕಣ. ತೋಟದ ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವಂತೆ, ಮರದ ನೆರಳು ತಾಗದಂತೆ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು ಹಿರಿಯರು ಆರಿಸಿದ ಜಾಗ ಅದೊಂದೇ. ಕೊಯ್ಲು ಮುಗಿದು ಕಾಫಿ ಚೀಲಕ್ಕೆ ಸೇರಿದ ಮೇಲೆ ಮಳೆಗಾಲವಿಡೀ ಅದು ಖಾಲಿ ಬಿದ್ದಿರುತ್ತದೆ. ವ್ಯಾನಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗದು. ಹಳೆಯ ಕಣವಾದರೆ ವ್ಯಾನಿನ ಭಾರಕ್ಕೆ ಗಾರೆ ಬಿರಿಯದಂತೆ ಚಕ್ರಗಳ ಕೆಳಗೆ ಹಲಗೆ ಹಾಕಿ. ಕಣದ ಯಜಮಾನರನ್ನು ಮೊದಲೇ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಯಜಮಾನರು ಎಂದರೆ ಅಮ್ಮ. ವ್ಯಾನಿನ ಎಣ್ಣೆ ಕಲೆ ಕಣಕ್ಕೆ ಬಿದ್ದರೆ ಮುಂದಿನ ವರ್ಷದ ಕಾಫಿಗೆ ವಾಸನೆ ಎಂಬ ಅವರ ಆಕ್ಷೇಪಣೆಯಲ್ಲಿ ಹುರುಳಿತ್ತು. ಎಂಜಿನ್ ಕೆಳಗೆ ಈಗ ಒಂದು ತಗಡು ಇಡುತ್ತೇನೆ.

ಕಣ ಇಲ್ಲದಿದ್ದರೆ ಮರಗಳನ್ನು ನೋಡಿ. ಸಿಲ್ವರ್ ಓಕಿನ ಒಣಗಿದ ಎಲೆ ಬಾಚಣಿಗೆಯಂತೆ ಸೀಳು ಸೀಳಾಗಿದ್ದು, ಚಾವಣಿಯ ಕಿಂಡಿ, ಸೋಲಾರ್ ಫಲಕದ ಸಂದು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಮಾವಿನ ಮರ ಹೂ ಬಿಟ್ಟಾಗ ಜಿಗಿಹುಳು ಸುರಿಸುವ ಅಂಟು ಕೆಳಗಿದ್ದುದರ ಮೇಲೆಲ್ಲ ಬೀಳುತ್ತದೆ. ಆ ಸಿಹಿ ಅಂಟಿನ ಮೇಲೆ ಬರುವ ಮಸಿಯಂಥ ಬೂಷ್ಟನ್ನು ಹಸಿರು ಶಲ್ಕಕೀಟ ಬಿದ್ದ ಕಾಫಿ ಎಲೆಯಲ್ಲಿ ನೀವು ನೋಡಿಯೇ ಇರುತ್ತೀರಿ. ವ್ಯಾನಿನ ಮೇಲೆ ಬರುವುದೂ ಅದೇ ಬಗೆಯದು. ಹಲಸಿನ ಮರದ ಬಗ್ಗೆ ಹೇಳುವುದೇ ಬೇಡ. ಪಾಚಿಯ ಮಾತು ಹಾಗಿರಲಿ, ಹತ್ತು ಕಿಲೋ ಹಣ್ಣು ಚಾವಣಿಯ ಕಿಟಕಿಯ ಮೇಲೆ ಬಿದ್ದರೆ ಯಾವ ಮೇಣವೂ ಕಾಯದು. ಹಾಲುವಾಣವಾದರೆ ಕೊಂಬೆ ಸವರಿಬಿಡಿ, ಮತ್ತೆ ಚಿಗುರುತ್ತದೆ.

ಬಯಲು ಜಾಗ ಸಿಕ್ಕಿತೆಂದು ಗುಡ್ಡ ಕಡಿದ ಬರೆಯ ಬುಡದಲ್ಲಿ ಮಾತ್ರ ನಿಲ್ಲಿಸಬೇಡಿ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಗೆ ಇದಕ್ಕೆ ಕಾರಣ ಬೇಕಿಲ್ಲ.

ವ್ಯಾನನ್ನು ಸಮತಟ್ಟಾಗಿ ನಿಲ್ಲಿಸಬೇಡಿ. ಹೆಚ್ಚಿನ ಚಾವಣಿಗಳಲ್ಲಿ ಗಾಳಿಕಿಂಡಿಯ ಸುತ್ತ, ಏಸಿ ಕೂರಿಸಿದ ಕಡೆ ಸ್ವಲ್ಪ ಕುಸಿದಿರುತ್ತದೆ, ಅಲ್ಲಿ ನೀರು ನಿಲ್ಲುತ್ತದೆ. ಒಂದು ಬಕೆಟ್ ನೀರು ಸುರಿದು ಅದು ಎಲ್ಲಿ ಉಳಿಯುತ್ತದೆ ನೋಡಿ. ಅದು ಹರಿದು ಹೋಗುವ ದಿಕ್ಕಿಗೆ ವಾಲುವಂತೆ ಒಂದು ಬದಿಯ ಎರಡೂ ಚಕ್ರಗಳ ಕೆಳಗೆ ಎರಡಿಂಚು ದಪ್ಪದ ಅಗಲ ಹಲಗೆ ಕೊಟ್ಟು, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ನಿಂತ ನೀರು ತೀರಿದರೆ ಪಾಚಿಯ ತವರೇ ತೀರಿದ ಹಾಗೆ.

ತಗಡಿನ ಮಾಡು ಹಾಕಿಸುವ ಶಕ್ತಿ ಇದ್ದರೆ ಹಾಕಿಸಿ, ಆದರೆ ನಾಲ್ಕೂ ಕಡೆ ತೆರೆದಿರಲಿ, ತಗಡಿಗೂ ವ್ಯಾನಿನ ಮೈಗೂ ನಡುವೆ ಎರಡು ಮೂರು ಅಡಿ ಅಂತರ ಇರಲಿ. ಟಾರ್ಪಾಲನ್ನೇ ಬಳಸುವುದಾದರೂ ಬೊಂಬಿನ ಚಪ್ಪರ ಕಟ್ಟಿ ಅದರ ಮೇಲೆ ಎಳೆಯಿರಿ. ವ್ಯಾನಿಗೆ ತಾಗಿಸಬಾರದು.

ಏಪ್ರಿಲ್ ತೊಳೆತ

ಕಾಫಿ ಹೂ ಅರಳಿಸುವ ಹೂಮಳೆ ಒಂದೆರಡು ಬಿದ್ದು ಬೇಸಿಗೆಯ ಧೂಳು ನೆನೆದಿರುವಾಗ ಈ ಕೆಲಸ ಸುಲಭ. ಮೇ ಹತ್ತರ ಒಳಗೆ ಎಲ್ಲವೂ ಮುಗಿಯಬೇಕು, ಏಕೆಂದರೆ ಕೊನೆಗೆ ಹಚ್ಚುವ ಸೀಲಂಟ್ ಮತ್ತು ಮೇಣಕ್ಕೆ ಒಣ ದಿನಗಳು ಬೇಕು.

ಮೋಡದ ದಿನ ಅಥವಾ ಬೆಳಿಗ್ಗೆ ಎಂಟರೊಳಗೆ ಶುರು ಮಾಡಿ. ಬಿಸಿಲಿಗೆ ಕಾದ ತಗಡಿನ ಮೇಲೆ ಸೋಪು ಒಣಗಿ ಕಲೆಯಾಗುತ್ತದೆ. ಚಾವಣಿ ಹತ್ತಬೇಡಿ; ಪಾಚಿ ಇರುವ ಒದ್ದೆ ಫೈಬರಿನ ಮೇಲೆ ಯಾವ ಚಪ್ಪಲಿಯೂ ನಿಲ್ಲದು. ಪಕ್ಕದಲ್ಲಿ ಏಣಿ ಹಾಕಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಕೋಲು ಉದ್ದ ಮಾಡಿಕೊಳ್ಳಬಹುದಾದ ಮೃದು ಬ್ರಷ್ ಇದ್ದರೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟಕುತ್ತದೆ.

ಮೊದಲು ಒಣ ಎಲೆ, ಕಡ್ಡಿ, ಸೋಲಾರ್ ಫಲಕದ ಕೆಳಗಿನ ಕಸ ತೆಗೆಯಿರಿ. ಫಲಕದ ಕೆಳಗೆ ಕೈ ಹಾಕುವ ಮುಂಚೆ ಒಂದು ಕಡ್ಡಿಯಿಂದ ಕೆದಕಿ ನೋಡಿ. ಒಮ್ಮೆ ಅಲ್ಲಿ ಕೆಂಜಿಗಗಳು ಸಂಸಾರ ಹೂಡಿದ್ದವು, ನನಗೆ ಗೊತ್ತಿರಲಿಲ್ಲ. ಏಣಿಯಿಂದ ಬೀಳದೆ ಇಳಿದದ್ದು ಆ ದಿನದ ಸಾಧನೆ.

ಆಮೇಲೆ ವ್ಯಾನಿನ ಪಕ್ಕಗಳನ್ನು ನೀರಿನಿಂದ ನೆನೆಸಿ. ಚಾವಣಿ ತೊಳೆಯಲು ಹೊರಟವರು ಇದನ್ನು ಮರೆಯುತ್ತಾರೆ. ಒಣಗಿದ ಪಕ್ಕದ ಮೇಲೆ ಮೇಲಿನ ಕೊಳೆ ನೀರು ಇಳಿದರೆ ಗೆರೆ ಗೆರೆಯಾಗಿ ಕೂತುಬಿಡುತ್ತದೆ. ಆಮೇಲೆ ಅದನ್ನು ತಿಕ್ಕುವುದೇ ಒಂದು ದಿನದ ಕೆಲಸ. ಬಕೆಟ್ ಉಗುರುಬೆಚ್ಚಗಿನ ನೀರಿಗೆ ವಾಹನ ತೊಳೆಯುವ ಶಾಂಪೂ ಬೆರೆಸಿ, ನಡುವಿನಿಂದ ಅಂಚಿಗೆ, ಒಂದೊಂದು ಚದರ ಮೀಟರಿನಂತೆ ಬ್ರಷ್ ಆಡಿಸಿ, ಅದು ಒಣಗುವ ಮುಂಚೆ ತೊಳೆದು ಮುಂದಕ್ಕೆ ಹೋಗಿ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬರ್, ತೆಂಗಿನ ನಾರು, ಸಬೀನ ಪುಡಿ ಯಾವುದೂ ಬೇಡ. ಇವತ್ತು ಬೆಳ್ಳಗೆ ಕಾಣುತ್ತದೆ, ಆದರೆ ಅವು ಎಳೆದ ಗೀರುಗಳಲ್ಲೇ ಮುಂದಿನ ವರ್ಷದ ಪಾಚಿ ಕೂರುತ್ತದೆ.

ಕಲ್ಲುಹೂವು ಇದ್ದರೆ ಒಣಗಿದ್ದಾಗ ಕೆರೆಯಬೇಡಿ. ಒದ್ದೆ ಗೋಣಿಬಟ್ಟೆಯನ್ನು ಅದರ ಮೇಲೆ ಹಾಕಿ ಒಂದು ಗಂಟೆ ಬಿಡಿ. ನೆನೆದು ಮೆತ್ತಗಾದ ಮೇಲೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿದರೆ ಎದ್ದು ಬರುತ್ತದೆ.

ಇನ್ನು ಪ್ರೆಶರ್ ವಾಷರ್. ತೋಟದಲ್ಲಿ ಎಲ್ಲರ ಮನೆಗೂ ಬಂದಿದೆ, ಅಂಗಳದ ಪಾಚಿ ನಿಮಿಷದಲ್ಲಿ ಹಾರಿಸುತ್ತದೆ. ನಾನೂ ಎರಡನೆಯ ವರ್ಷ ಒಂದು ತೊಳೆಯುವ ಕೇಂದ್ರಕ್ಕೆ ವ್ಯಾನ್ ಕೊಟ್ಟೆ. ಚಾವಣಿ ಹೊಸದರಂತೆ ಹೊಳೆಯಿತು. ಮೂರನೆಯ ದಿನ ಮಂಚದ ಮೇಲಿನ ಪ್ಲೈವುಡ್‌ನಲ್ಲಿ ಊಟದ ತಟ್ಟೆಯಗಲದ ಒದ್ದೆ ಕಲೆ ಕಂಡಿತು. ಗಾಳಿಕಿಂಡಿಯ ಸೀಲಂಟಿನ ಅಂಚಿಗೆ ನೇರವಾಗಿ ನೀರು ಹೊಡೆದಿದ್ದರು. ಮಳೆ ಮೇಲಿನಿಂದ ಬೀಳುತ್ತದೆ, ಅದಕ್ಕೆಂದೇ ಆ ಸಂದುಗಳನ್ನು ಮುಚ್ಚಿರುತ್ತಾರೆ. ಪಕ್ಕದಿಂದ ಒತ್ತಡದಲ್ಲಿ ಬರುವ ನೀರನ್ನು ಅವು ತಡೆಯುವುದಿಲ್ಲ. ಬಳಸಲೇಬೇಕೆಂದರೆ ಬೀಸಣಿಗೆಯಂತೆ ಹರಡುವ ನಳಿಕೆ ಹಾಕಿ, ಎರಡಡಿಗಿಂತ ದೂರ ನಿಂತು, ಕಿಂಡಿ, ಸ್ಟಿಕರ್, ಸೋಲಾರ್ ಫಲಕಗಳನ್ನು ಬಿಟ್ಟು ಹೊಡೆಯಿರಿ.

ಬೂಷ್ಟಿಗೆ ಔಷಧ

ತೊಳೆದ ಮೇಲೂ ಉಳಿದ ಕಪ್ಪು ಚುಕ್ಕೆಗಳಿಗೆ ಅಂಗಡಿಯ ಬಿಳಿ ವಿನೆಗರ್ ಸಾಕಾಗುತ್ತದೆ. ಅಷ್ಟೇ ನೀರು ಬೆರೆಸಿ, ಸಿಂಪಡಿಸಿ, ಕಾಲು ಗಂಟೆ ಬಿಟ್ಟು ಬ್ರಷ್ ಆಡಿಸಿ ತೊಳೆಯಿರಿ. ಬಣ್ಣವಿಲ್ಲದ ಬರಿ ಅಲ್ಯೂಮಿನಿಯಂ ಮೇಲೆ ಮಾತ್ರ ಬೇಡ. ಹುಳಿ ಹುಳಿಯೇ ಅಲ್ಲವೇ, ಕೊಡಗಿನ ಅಡುಗೆಗೆ ಹಾಕುವ ಕಾಚಂಪುಳಿ ಆಗದೇ ಎಂದು ಸ್ನೇಹಿತರೊಬ್ಬರು ಕೇಳಿದ್ದರು. ಕಪ್ಪಗೆ, ಮಂದಗೆ, ಅಂಟಂಟಾಗಿರುವ ಅದನ್ನು ಚಾವಣಿಗೆ ಬಳಿದರೆ ಇರುವೆಗಳಿಗೆ ಹಬ್ಬ. ಅದು ಪಂದಿ ಕರಿಗೆ ಇರಲಿ.

ವಿನೆಗರಿಗೆ ಬಗ್ಗದಿದ್ದರೆ ಬೆಂಜಾಲ್ಕೋನಿಯಂ ಕ್ಲೋರೈಡ್. ಹೊರಾಂಗಣದ ಪಾಚಿ ತೆಗೆಯಲೆಂದು ಬರುವ ಅನೇಕ ದ್ರಾವಣಗಳಲ್ಲಿ ಇರುವುದು ಇದೇ. 50 ಪ್ರತಿಶತದ ದ್ರಾವಣ ಸಿಕ್ಕರೆ ಲೀಟರ್ ನೀರಿಗೆ 20 ಮಿಲಿಲೀಟರ್ ಹಾಕಿದರೆ ಶೇ 1ರಷ್ಟಾಗುತ್ತದೆ. ಅದಕ್ಕಿಂತ ಗಟ್ಟಿ ಬೇಡ. ಸೋಪಿನ ಅಂಶ ಉಳಿದಿದ್ದರೆ ಇದರ ಶಕ್ತಿಯೇ ಹೋಗುತ್ತದೆ, ಆದ್ದರಿಂದ ಶಾಂಪೂ ಪೂರ್ತಿ ತೊಳೆದು ಹೋದ ಮೇಲೆಯೇ ಹಚ್ಚಬೇಕು. ಎಷ್ಟೋ ಜನ ಎರಡನ್ನೂ ಒಂದೇ ಬಕೆಟಿಗೆ ಸುರಿದು, ಔಷಧ ಸರಿಯಿಲ್ಲ ಎಂದು ಅಂಗಡಿಯವರನ್ನು ಬೈಯುತ್ತಾರೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಮರೆಯಾದ ಒಂದು ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಇದು ಮೀನು, ಕಪ್ಪೆಗಳಿಗೆ ವಿಷ. ತೊಳೆದ ನೀರು ತೋಡಿಗೆ, ಕೆರೆಗೆ ಹೋಗದಂತೆ ಮಣ್ಣಿನಲ್ಲೇ ಇಂಗುವ ಕಡೆ ವ್ಯಾನ್ ನಿಲ್ಲಿಸಿಕೊಂಡು ಈ ಕೆಲಸ ಮಾಡಿ. ನಮ್ಮ ತೋಡುಗಳೆಲ್ಲ ಎಲ್ಲಿಗೆ ಸೇರುತ್ತವೆ ಎಂಬುದು ಗೊತ್ತಿರುವುದೇ.

ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಮನೆಯಲ್ಲಿ ಇದ್ದೇ ಇರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಹಾಕಬೇಡಿ. ಅಲ್ಯೂಮಿನಿಯಂ, ಸ್ಕ್ರೂ, ಸೀಲಂಟ್, ಕ್ಯಾನ್ವಾಸ್ ಎಲ್ಲವನ್ನೂ ಅದು ತಿನ್ನುತ್ತದೆ. ವಿನೆಗರ್ ಜೊತೆ ಬೆರೆತರಂತೂ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ಎರಡು ವರ್ಷದ ಹಿಂದೆ ಪಕ್ಕದ ತೋಟದ ಮಾವ ಕರಿಮೆಣಸಿನ ಬಳ್ಳಿಗಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದು ಮುಗಿಸಿ ಬಂದವರು ನನ್ನ ಬ್ರಷ್ ಕೆಲಸ ನೋಡಿ, "ಅರ್ಧ ಡ್ರಮ್ ಉಳಿದಿದೆ ಮಾರಾಯ, ಇದಕ್ಕೂ ಒಂದು ಕೈ ಹೊಡೆದುಬಿಡು" ಎಂದರು. ಮೈಲುತುತ್ತ ಶಿಲೀಂಧ್ರವನ್ನು ಕೊಲ್ಲುತ್ತದೆ, ಅವರ ತರ್ಕ ತಪ್ಪಲ್ಲ. ಆದರೆ ಮೈಲುತುತ್ತದ ತಾಮ್ರ ಕಬ್ಬಿಣ, ಅಲ್ಯೂಮಿನಿಯಂಗಳನ್ನು ಕೊರೆದು ಹಾಕುತ್ತದೆ. ಬೋರ್ಡೋ ಕಲಸಲು ಕಬ್ಬಿಣದ ಪಾತ್ರೆ ಬಳಸಬಾರದು ಎಂದು ಅದೇ ಮಾವ ಆಳುಗಳಿಗೆ ಗದರುವುದನ್ನು ನಾನೇ ಕೇಳಿದ್ದೇನೆ. ಅದನ್ನು ನೆನಪಿಸಿದೆ. "ಹೌದಲ್ಲ, ಇದೂ ಕಬ್ಬಿಣದ ಪಾತ್ರೆಯೇ" ಎಂದು ನಕ್ಕು ಹೋದರು.

ಕಿಂಡಿಯ ರಬ್ಬರ್, ಸೀಲಂಟ್

ಗಾಳಿಕಿಂಡಿಯ ಮುಚ್ಚಳ ಎತ್ತಿ ಸುತ್ತಲಿನ ರಬ್ಬರ್ ಬೀಡಿಂಗನ್ನು ಬೆರಳಿನಿಂದ ಬಿಡಿಸಿ ನೋಡಿ. ಹೊರಗೆಲ್ಲ ತೊಳೆದು ಫಳಫಳ ಮಾಡಿದ್ದರೂ ಆ ಮಡಿಕೆಯ ಒಳಗೆ ಕಪ್ಪು ಲೋಳೆ ಕೂತಿರುತ್ತದೆ. ಮಳೆಗಾಲದಲ್ಲಿ ಬೂಷ್ಟು ಹೊರಟು ಹರಡುವುದು ಇಲ್ಲಿಂದಲೇ. ಹಳೆಯ ಹಲ್ಲುಜ್ಜುವ ಬ್ರಷ್, ಔಷಧದಂಗಡಿಯ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ತೆಗೆದುಕೊಳ್ಳಿ. ಹತ್ತಿಯಲ್ಲಿ ಅದ್ದಿ ಮಡಿಕೆಗೆ ಒತ್ತಿದರೆ ಸಣ್ಣಗೆ ನೊರೆ ಬರುತ್ತದೆ. ಹತ್ತು ನಿಮಿಷ ಬಿಟ್ಟು ತಿಕ್ಕಿ, ಒರೆಸಿ, ಮುಚ್ಚಳ ತೆರೆದಿಟ್ಟು ಪೂರ್ತಿ ಆರಲು ಬಿಡಿ. ಕೊನೆಗೆ ಒಂದು ಹನಿ ಗ್ಲಿಸರಿನ್ ಬೆರಳಿನಲ್ಲಿ ಸವರಿದರೆ ರಬ್ಬರ್ ಮೆತ್ತಗೆ ಉಳಿಯುತ್ತದೆ, ಮುಚ್ಚಳಕ್ಕೂ ಸರಿಯಾಗಿ ಕೂರುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಸೋಕಿಸಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಸೀಲಂಟ್ ಬಿರಿದಿದ್ದರೆ ಹಳೆಯದನ್ನು ಪ್ಲಾಸ್ಟಿಕ್ ಚೂರಿನಿಂದ ಪೂರ್ತಿ ತೆಗೆದು, ಒಣಗಿಸಿ, ಹೊರಾಂಗಣಕ್ಕೆ ಸಲ್ಲುವ ಪಾಲಿಯುರೆಥೇನ್ ಸೀಲಂಟ್ ಹಾಕಿ. ಸ್ನಾನದ ಮನೆಗೆ ಬಳಸುವ ಸಿಲಿಕೋನ್ ಅಗ್ಗ, ನಿಜ. ಆದರೆ ಅದರ ಜಿಡ್ಡು ಉಳಿದ ಕಡೆ ಮುಂದೆ ಬಣ್ಣವಾಗಲಿ ಬೇರೆ ಸೀಲಂಟ್ ಆಗಲಿ ಹಿಡಿಯುವುದಿಲ್ಲ.

ಮೇಣ

ಚಾವಣಿ ಒಣಗಿದ ಮೇಲೆ ನೆರಳಿನಲ್ಲಿ ವಾಹನದ ಮೇಣವನ್ನು ತೆಳುವಾಗಿ ಎರಡು ಸಲ ಹಚ್ಚಿ, ನಡುವೆ ಮೃದು ಬಟ್ಟೆಯಿಂದ ಉಜ್ಜಿ. ಬಿಳಿ ಪುಡಿ ಏಳುವ ಫೈಬರ್ ಆದರೆ ಮೊದಲು ಪಾಲಿಶ್ ಮಾಡಿಸಿ ಒರಟು ತೆಗೆಸಬೇಕು, ಇಲ್ಲದಿದ್ದರೆ ಮೇಣ ನಿಲ್ಲದು. ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿದರೆ ಕೆಲಸ ಸರಿಯಾಗಿದೆ. ಸೋಲಾರ್ ಗಾಜಿಗೆ, ರಬ್ಬರಿಗೆ, ಕಾಲಿಡುವ ಮೆಟ್ಟಿಲಿಗೆ ಮೇಣ ಬೇಡ. ಶಾಖ ತಡೆಯಲೆಂದು ಮನೆಯ ಮಾಡಿಗೆ ಬಳಿಯುವ ದಪ್ಪ ಬಿಳಿ ಬಣ್ಣವನ್ನು ವ್ಯಾನಿಗೂ ಬಳಿಯುವವರಿದ್ದಾರೆ. ಅದರ ಒರಟು ಮೈ ಎರಡೇ ಮಳೆಗಾಲದಲ್ಲಿ ಹಸಿರಾಗುವುದನ್ನು ನೋಡಿದ ಮೇಲೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಮಳೆಯ ನಡುವೆ

ಮೃಗಶಿರಾ ಹಿಡಿದ ಮೇಲೆ ಔಷಧದ ಮಾತಿಲ್ಲ, ಹಚ್ಚಿದ್ದು ತೊಳೆದು ಹೋಗುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಮಳೆ ಹೊಳವಾದಾಗ ಉದ್ದ ಬ್ರಷ್‌ನಿಂದ ಎಲೆಗಳನ್ನು ತಳ್ಳಿ, ಹಸಿರು ಶುರುವಾದ ಕಡೆ ಒದ್ದೆ ಬಟ್ಟೆಯಿಂದ ಒರೆಸಿ. ಎಳೆಯ ಪಾಚಿ ಬರಿ ಬಟ್ಟೆಗೇ ಬರುತ್ತದೆ. ತಿಂಗಳು ಬಿಟ್ಟರೆ ಬ್ರಷ್ ಕೇಳುತ್ತದೆ.

ಗಾಡಿಯನ್ನು ಆಗಾಗ ಓಡಿಸಿ. ಪುನರ್ವಸು, ಪುಷ್ಯ ಮಳೆಯಲ್ಲಿ ಮಡಿಕೇರಿ ಕಡೆ ವಾರಗಟ್ಟಲೆ ಬಿಸಿಲು ಕಾಣದಿದ್ದರೂ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋದರೆ ಮೋಡದ ಸಂದಿನಿಂದ ಬಿಸಿಲು ಸಿಗುವ ದಿನಗಳಿರುತ್ತವೆ. ಗಾಳಿಗೆ ಎಲೆ ಹಾರುತ್ತದೆ, ಚಾವಣಿ ಆರುತ್ತದೆ, ಬ್ಯಾಟರಿ ಚಾರ್ಜಾಗುತ್ತದೆ, ಬ್ರೇಕಿಗೆ ತುಕ್ಕು ಹಿಡಿಯುವುದಿಲ್ಲ. ಮರಳುವಾಗ ತರಕಾರಿಯೂ ಅಗ್ಗಕ್ಕೆ ಸಿಗುತ್ತದೆ.

ಮೇಲೆತ್ತುವ ಕ್ಯಾನ್ವಾಸ್ ಚಾವಣಿ ಇರುವವರು ಒದ್ದೆಯಿದ್ದಾಗಲೇ ಮಡಚಬೇಕಾಗಿ ಬಂದರೆ ಒಂದೆರಡು ದಿನದೊಳಗೆ ಮಾಡಿನ ಕೆಳಗೆ ಬಿಚ್ಚಿ ಆರಿಸಲೇಬೇಕು. ಬಟ್ಟೆಯ ಎಳೆಗೆ ಒಮ್ಮೆ ಇಳಿದ ಕಪ್ಪು ಚುಕ್ಕೆ ಸತ್ತರೂ ಕಲೆಯಾಗಿ ಉಳಿಯುತ್ತದೆ.

ಒಳಗಡೆ

ಹೊರಗಿನ ಚಾವಣಿ ಚೊಕ್ಕಟವಿದ್ದರೂ ಒಳಗೆ ಬೂಷ್ಟು ಬರಬಹುದು. ರಾತ್ರಿ ತಣ್ಣಗಾದ ಚಾವಣಿಯ ಒಳಮೈಗೆ ಉಸಿರಿನ, ಅಡುಗೆಯ ಆವಿ ತಾಗಿ ಹನಿಗಟ್ಟುತ್ತದೆ. ಕಿಟಕಿ ತೆರೆದು ಗಾಳಿಯಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆಟಿ ತಿಂಗಳಿನ (ಜುಲೈ-ಆಗಸ್ಟ್) ಕೊಡಗಿನಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತೊಯ್ದಿರುತ್ತದೆ, ಅದನ್ನು ಒಳಗೆ ಬಿಟ್ಟು ಪ್ರಯೋಜನವಿಲ್ಲ. ಒಳಗೆ ಹೊರಗಿಗಿಂತ ಸ್ವಲ್ಪ ಬೆಚ್ಚಗಿದ್ದರೆ ಮಾತ್ರ ಗಾಳಿಯಾಡಿದಾಗ ತೇವ ಹೊರಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ಬಟ್ಟೆಯ ಬೀರುವಿನೊಳಗೆ ನಲವತ್ತು ವ್ಯಾಟಿನ ಬಲ್ಬ್ ಉರಿಸಿಡುತ್ತಿದ್ದುದು ಇದಕ್ಕೇ. ಎಲ್‌ಇಡಿ ಬಂದ ಮೇಲೆ ಆ ಉಪಾಯ ಕೆಟ್ಟಿತು, ಅದು ಬೆಳಗುತ್ತದೆ, ಕಾಯುವುದಿಲ್ಲ. ಕರೆಂಟ್ ಇರುವ ಕಡೆ ಸಣ್ಣ ತೇವಹೀರುವ ಯಂತ್ರ ಇಡಬಹುದು. ಕರೆಂಟ್ ಕೈಕೊಟ್ಟ ದಿನಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಸಾಕು. ತಳದಲ್ಲಿ ಸೇರಿದ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಹಾಸಿಗೆಯನ್ನು ಮಾತ್ರ ಮನೆಯೊಳಗೆ ತಂದಿಡಿ, ವ್ಯಾನಿನಲ್ಲಿ ಅದನ್ನು ಕಾಪಾಡಲು ಯಾವ ಡಬ್ಬಿಗೂ ಆಗದು.

ಮಳೆ ಮುಗಿದ ಮೇಲೆ

ತುಲಾ ಸಂಕ್ರಮಣದ ಹೊತ್ತಿಗೆ, ಅಕ್ಟೋಬರ್ ನಡುವಿನಲ್ಲಿ, ಇನ್ನೊಂದು ಸಲ ಶಾಂಪೂ ತೊಳೆತ, ಒಂದು ಪದರ ಮೇಣ. ಏಪ್ರಿಲ್ ಕೆಲಸ ಸರಿಯಾಗಿ ಆಗಿದ್ದರೆ ಇದು ಒಂದು ಬೆಳಗಿನದು. ಡಿಸೆಂಬರಿಗೆ ಕೊಯ್ಲು ಶುರುವಾಗಿ ಕಣ ಕಾಫಿಗೆ ಬೇಕಾಗುತ್ತದೆ. ವ್ಯಾನನ್ನು ಅಲ್ಲಿಂದ ತೆಗೆಯುವಾಗ ಹಲಗೆಗಳನ್ನು, ಎಂಜಿನ್ ಕೆಳಗಿನ ತಗಡನ್ನು ಎತ್ತಿಡಿ, ಕಣವನ್ನು ಒಮ್ಮೆ ತೊಳೆದುಕೊಡಿ. ಮುಂದಿನ ಜೂನ್‌ನಲ್ಲಿ ಅದನ್ನೇ ಕೇಳಬೇಕಲ್ಲ.